ಬಿದ್ದವರ ಬಳಿ ನಿಂತ ಆಟಗಾರ: ಡಾ. ಥಾಮಸ್ ಕ್ರೀನ್

ಮಗ ಹತ್ತನೆಯ ತರಗತಿಗೆ ಕಾಲಿಟ್ಟನೆಂದರೆ ಅವನ ಚೆಂಡು, ಬ್ಯಾಟುಗಳು ಅಟ್ಟ ಸೇರುವುದು ನಮ್ಮ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಕುವೆಂಪುನಗರದ ರಸ್ತೆಗಳಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಬೆನ್ನಿಗೆ ಚೀಲ ಏರಿಸಿಕೊಂಡು ಮನೆಪಾಠಕ್ಕೆ ಧಾವಿಸುವ ಮಕ್ಕಳೇ ಹೆಚ್ಚಾಗಿ ಕಾಣಸಿಗುತ್ತಾರೆ. ಅದರಲ್ಲೂ ಮಗ ಅಥವಾ ಮಗಳು ವೈದ್ಯರಾಗಬೇಕೆಂಬ ಹಂಬಲವಿದ್ದ ಮನೆಯಲ್ಲಿ ಆಟವೆಂದರೆ ಕಾಲಹರಣವೆಂದೇ ಅರ್ಥ. ಭಾನುವಾರದ ಬಲಿಪೂಜೆ ಮುಗಿಸಿ ಬರುವಾಗ ದೇವಾಲಯದ ಅಂಗಳದಲ್ಲಿ ತಂದೆತಾಯಂದಿರು ಈ ಮಾತನ್ನು ಆಡಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ಓದಿಗೂ ಆಟಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ನಂಬಿದವರಿಗೆ ಐರ್ಲೆಂಡಿನ ಒಬ್ಬ ಕಥೋಲಿಕ ವೈದ್ಯರ ಬಾಳನ್ನು ಇಲ್ಲಿ ಪರಿಚಯಿಸಬೇಕೆನಿಸುತ್ತದೆ. ಅವರು ತಮ್ಮ ಕಾಲದ ಹೆಸರಾಂತ ರಗ್ಬಿ ಆಟಗಾರರು. ಯುದ್ಧಭೂಮಿಯಲ್ಲಿ ಗಾಯಾಳುಗಳ ಬಳಿ ನಿಂತು ಬ್ರಿಟಿಷ್ ಸೇನೆಯ ಅತ್ಯುನ್ನತ ಪ್ರಶಸ್ತಿಯಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ಅವರೇ ಡಾ. ಥಾಮಸ್ ಜೋಸೆಫ್ ಕ್ರೀನ್.

ದಕ್ಷಿಣ ಧ್ರುವದ ಹಿಮರಾಶಿಯಲ್ಲಿ ಸಾಹಸಗೈದ ಟಾಮ್ ಕ್ರೀನ್ ಎಂಬ ಇನ್ನೊಬ್ಬ ಐರಿಷ್ ವೀರನೂ ಇದ್ದಾನೆ. ಇಬ್ಬರೂ ಒಂದೇ ಕಾಲದವರು, ಒಂದೇ ಹೆಸರಿನವರು. ಆದರೆ ನಾವಿಲ್ಲಿ ನೆನೆಯುತ್ತಿರುವುದು ನಾವಿಕನನ್ನಲ್ಲ, ವೈದ್ಯರನ್ನು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಥಾಮಸ್ ಕ್ರೀನ್ 1873ರ ಏಪ್ರಿಲ್ 19ರಂದು ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ಮೈಕೇಲ್ ಕ್ರೀನ್ ನ್ಯಾಯವಾದಿಗಳು. ಬಾಲಕನ ವಿದ್ಯಾಭ್ಯಾಸ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಎರಡು ಪ್ರಸಿದ್ಧ ಶಾಲೆಗಳಲ್ಲಿ, ಡಬ್ಲಿನ್ನಿನ ಬೆಲ್ವಡಿಯರ್ ಕಾಲೇಜು ಮತ್ತು ಕಿಲ್ಡೇರ್ ಪ್ರಾಂತದ ಕ್ಲಾಂಗೋಸ್ ವುಡ್ ಕಾಲೇಜಿನಲ್ಲಿ, ನಡೆಯಿತು. 1814ರಲ್ಲಿ ಸ್ಥಾಪಿತವಾದ ಕ್ಲಾಂಗೋಸ್ ಐರ್ಲೆಂಡಿನ ಕಥೋಲಿಕ ಮನೆತನಗಳ ಹೆಮ್ಮೆಯ ವಸತಿಶಾಲೆ. ನಮ್ಮ ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜನ್ನು ಬಲ್ಲವರಿಗೆ ಯೇಸುಸಭೆಯವರ ಶಿಕ್ಷಣಕ್ರಮವನ್ನು ಬಿಡಿಸಿ ಹೇಳಬೇಕಿಲ್ಲ. ಬುದ್ಧಿ, ದೇಹ, ಆತ್ಮ ಮೂರೂ ಒಟ್ಟಿಗೆ ಬೆಳೆಯಬೇಕೆಂಬುದು ಅವರ ನಿಲುವು. ಆ ಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರೇ 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿಯ ಗುಂಡಿನಿಂದ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಸೈನಿಕರು. ಗಾಯಗೊಂಡು ಬಿದ್ದವನ ನೋವು ಏನೆಂಬುದು ಆ ಪರಂಪರೆಗೆ ಹೊಸದಲ್ಲ.

ಹದಿನೆಂಟರ ವಯಸ್ಸಿನಲ್ಲಿ, 1891ರಲ್ಲಿ, ಕ್ರೀನರ ಸ್ವಭಾವವನ್ನು ತೋರಿಸುವ ಘಟನೆಯೊಂದು ನಡೆಯಿತು. ಡಬ್ಲಿನ್ ಸಮೀಪದ ಬ್ಲ್ಯಾಕ್‌ರಾಕ್ ಕಡಲ ತೀರದಲ್ಲಿ ಯುವಕನೊಬ್ಬ ನೀರುಪಾಲಾಗುತ್ತಿದ್ದ. ಕ್ರೀನರು ಕಡಲಿಗೆ ಇಳಿದು ಅವನನ್ನು ದಡ ಸೇರಿಸಿದರು. ಈ ಕಾರ್ಯಕ್ಕಾಗಿ ರಾಯಲ್ ಹ್ಯೂಮೇನ್ ಸೊಸೈಟಿಯ ಪದಕ ಅವರಿಗೆ ದೊರೆಯಿತು. ಮುಂದೆ ಎದೆಯ ಮೇಲೆ ಎಷ್ಟೋ ಪದಕಗಳು ಬಂದವು. ಮೊದಲನೆಯದು ಮಾತ್ರ ಒಂದು ಜೀವ ಉಳಿಸಿದ್ದಕ್ಕೆ ಬಂದದ್ದು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅನಂತರ ಅವರು ಡಬ್ಲಿನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. 1896ರಲ್ಲಿ ವೈದ್ಯ ಪದವಿ ಅವರ ಕೈಸೇರಿತು.

ಮೈದಾನದಲ್ಲಿ ಒಂದು ಹೆಸರು

ಓದಿನ ಇದೇ ವರ್ಷಗಳಲ್ಲಿ ಅವರು ರಗ್ಬಿ ಆಟದಲ್ಲಿ ದೇಶಕ್ಕೆ ಹೆಸರು ತಂದರು. ರಗ್ಬಿಯನ್ನು ಕಾಣದ ನಮ್ಮ ಓದುಗರಿಗೆ ಅದನ್ನು ಹೀಗೆ ಹೇಳಬಹುದು: ಪ್ರತಿ ಬದಿಯಲ್ಲಿ ಹದಿನೈದು ಮಂದಿ, ಮೊಟ್ಟೆಯಾಕಾರದ ಚೆಂಡು, ಅದನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಅವರ ಗೆರೆಯಾಚೆ ಊರಬೇಕು. ಎದುರಾಳಿಯು ಸೊಂಟ ಹಿಡಿದು ಕೆಡವುತ್ತಾನೆ. ನಮ್ಮ ಕಬಡ್ಡಿಯ ಹಿಡಿತವೂ ಫುಟ್ಬಾಲಿನ ಓಟವೂ ಬೆರೆತ ಆಟವೆಂದರೆ ಸರಿಯಾದೀತು. ಕ್ರೀನರು ಆರಡಿ ಎರಡಂಗುಲ ಎತ್ತರದ ದೃಢಕಾಯರು. ಮುಂಚೂಣಿಯಲ್ಲಿ ಆಡುವವರಿಗೆ ಬೇಕಾದ ತೂಕವೂ, ಅಂಥ ತೂಕದವರಲ್ಲಿ ಅಪರೂಪವಾದ ವೇಗವೂ ಅವರಲ್ಲಿದ್ದವು.

ಡಬ್ಲಿನ್ನಿನ ವಾಂಡರರ್ಸ್ ಕ್ಲಬ್ಬಿನ ಪರವಾಗಿ ಆಡುತ್ತಿದ್ದ ಅವರು 1894ರಿಂದ 1896ರವರೆಗೆ ಐರ್ಲೆಂಡ್ ತಂಡಕ್ಕಾಗಿ ಒಂಬತ್ತು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಡಿದರು. 1894ರಲ್ಲಿ ಐರ್ಲೆಂಡ್ ತಂಡವು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರನ್ನೂ ಸೋಲಿಸಿ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ತ್ರಿವಳಿ ಕಿರೀಟ ಧರಿಸಿದಾಗ ಕ್ರೀನರು ಆ ತಂಡದಲ್ಲಿದ್ದರು.

1896ರಲ್ಲಿ ಬ್ರಿಟಿಷ್ ದ್ವೀಪಗಳ ತಂಡವೊಂದು ದಕ್ಷಿಣ ಆಫ್ರಿಕಾಕ್ಕೆ ಪ್ರವಾಸ ಹೊರಟಿತು. ನಾಯಕ ಜಾನಿ ಹ್ಯಾಮಂಡ್, ಉಪನಾಯಕ ಕ್ರೀನ್. ಹ್ಯಾಮಂಡ್ ಆಡಲಾಗದ ಎರಡು ಟೆಸ್ಟ್ ಪಂದ್ಯಗಳಲ್ಲಿ ಕ್ರೀನರೇ ತಂಡವನ್ನು ಮುನ್ನಡೆಸಿದರು. ಆಡಿದ 21 ಪಂದ್ಯಗಳಲ್ಲಿ 19ರಲ್ಲಿ ಗೆಲುವು, ಒಂದು ಸಮ, ಒಂದೇ ಒಂದು ಸೋಲು. ಸಮನಾದ ಪಂದ್ಯಕ್ಕೆ ಮುನ್ನ ಆಟಗಾರರಿಗೆ ದೊಡ್ಡ ಭೋಜನಕೂಟ ಏರ್ಪಟ್ಟಿತ್ತೆಂದೂ, ಯಾರೂ ನಾಲ್ಕು ಲೋಟಕ್ಕಿಂತ ಹೆಚ್ಚು ಶಾಂಪೇನ್ ಕುಡಿಯಕೂಡದೆಂದು ಕ್ರೀನರು ಕಟ್ಟಪ್ಪಣೆ ಮಾಡಿದ್ದರೆಂದೂ ಕಥೆಯೊಂದು ಪ್ರಚಾರದಲ್ಲಿದೆ. ನಾಲ್ಕು ಲೋಟವೇ ಗೆಲುವನ್ನು ತಪ್ಪಿಸಿತೋ ಏನೋ! ಆ ತಂಡದಲ್ಲಿದ್ದ ವಾಲ್ಟರ್ ಕೇರಿ ಎಂಬವರು ಮುಂದೆ ಅದೇ ದೇಶದ ಬ್ಲೂಮ್‌ಫಾಂಟೇನ್ ನಗರದ ಆಂಗ್ಲಿಕನ್ ಬಿಷಪರಾದರು. ಹುಡುಗಾಟಿಕೆ, ಧೈರ್ಯ, ಸ್ನೇಹ ಮೂರೂ ತುಂಬಿದ್ದ ಕ್ರೀನರೇ ಆ ಪ್ರವಾಸದ ಜೀವಾಳವಾಗಿದ್ದರೆಂದು ಅವರು ವಯಸ್ಸಾದ ಮೇಲೂ ಪ್ರೀತಿಯಿಂದ ನೆನೆದಿದ್ದಾರೆ.

ತಂಡ ಸ್ವದೇಶಕ್ಕೆ ಮರಳಿದರೂ ಕ್ರೀನರು ಮರಳಲಿಲ್ಲ. ತಮ್ಮ ಕ್ಲಬ್ಬಿನ ಗೆಳೆಯ ರಾಬರ್ಟ್ ಜಾನ್‌ಸ್ಟನ್ ಜೊತೆ ಅವರು ದಕ್ಷಿಣ ಆಫ್ರಿಕಾದಲ್ಲೇ ಉಳಿದರು. ಚಿನ್ನದ ಗಣಿಗಳ ನಗರವಾದ ಜೋಹಾನ್ಸ್‌ಬರ್ಗಿನಲ್ಲಿ ವೈದ್ಯವೃತ್ತಿ ಆರಂಭಿಸಿದರು.

ಬಂದೂಕು ಹಿಡಿದ ವೈದ್ಯ

ಮೂರು ವರ್ಷಗಳಲ್ಲಿ ಆ ನಾಡು ಯುದ್ಧಕ್ಕೆ ಸಿಕ್ಕಿತು. 1899ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸಾಮ್ರಾಜ್ಯಕ್ಕೂ, ಡಚ್ ಮೂಲದ ರೈತಾಪಿ ಜನರಾದ ಬೋಯರರ ಎರಡು ಗಣರಾಜ್ಯಗಳಿಗೂ ಕದನ ಆರಂಭವಾಯಿತು. ಅದರ ಹಿಂದೆ ಚಿನ್ನದ ಆಸೆಯೂ ಸಾಮ್ರಾಜ್ಯದ ಆಸೆಯೂ ಇದ್ದವೆಂಬುದನ್ನು ಇಂದು ಯಾರೂ ಮುಚ್ಚಿಡುವುದಿಲ್ಲ. ಐರಿಷ್ ಜನರ ಮನಸ್ಸೂ ಎರಡಾಗಿ ಒಡೆದಿತ್ತು. ಸಾವಿರಾರು ಐರಿಷರು ಬ್ರಿಟಿಷ್ ಸೇನೆಯಲ್ಲಿದ್ದರೆ, ಇಂಗ್ಲಿಷರ ಆಳ್ವಿಕೆಯಿಂದ ಬೇಸತ್ತ ಕೆಲವರು ದಳ ಕಟ್ಟಿಕೊಂಡು ಬೋಯರರ ಪರವಾಗಿ ಹೋರಾಡಿದರು. ಕ್ರೀನರು ಬ್ರಿಟಿಷರ ಕಡೆ ಸೇರಿದರು. ಅದೂ ವೈದ್ಯರಾಗಿ ಅಲ್ಲ! ಇಂಪೀರಿಯಲ್ ಲೈಟ್ ಹಾರ್ಸ್ ಎಂಬ ಅಶ್ವದಳದಲ್ಲಿ ಅವರು ಸಾಮಾನ್ಯ ಸವಾರ ಸೈನಿಕರಾಗಿ ಹೆಸರು ಬರೆಯಿಸಿದರು.

ಗುಣಪಡಿಸಲು ಕಲಿತ ಕೈ ಕೊಲ್ಲುವ ಆಯುಧವನ್ನು ಹಿಡಿಯಿತೆಂಬುದು ಈ ಬಾಳಿನಲ್ಲಿ ನಮ್ಮ ಮನಸ್ಸಿಗೆ ಕಸಿವಿಸಿ ಉಂಟುಮಾಡುವ ಸಂಗತಿ. ಅದನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರವಾದೀತು. ಇಪ್ಪತ್ತಾರರ ಯುವಕನಿಗೆ ಯುದ್ಧವೂ ದೊಡ್ಡದೊಂದು ಪಂದ್ಯದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಪೀಳಿಗೆಯ ಎಷ್ಟೋ ತರುಣರಿಗೆ ಹಾಗೆಯೇ ಕಂಡಿತ್ತು. ಆ ಭ್ರಮೆ ಬಹುಕಾಲ ಉಳಿಯಲಾರದು. 1899ರ ಅಕ್ಟೋಬರ್ 21ರಂದು ನಡೆದ ಎಲಾಂಡ್ಸ್‌ಲಾಗ್ಟೆ ಕಾಳಗದಲ್ಲಿ ಕ್ರೀನರು ಗಾಯಗೊಂಡರು. ಅದೇ ಕಾಳಗದಲ್ಲಿ ತೋರಿದ ಸಾಹಸಕ್ಕಾಗಿ ಗೆಳೆಯ ಜಾನ್‌ಸ್ಟನ್‌ಗೆ ವಿಕ್ಟೋರಿಯಾ ಕ್ರಾಸ್ ಲಭಿಸಿತು. ಆಮೇಲೆ ಅವರ ಅಶ್ವದಳವು ಲೇಡಿಸ್ಮಿತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಕೊಂಡಿತು. 118 ದಿನಗಳ ಆ ಮುತ್ತಿಗೆಯಲ್ಲಿ ಹಸಿವೂ ವಿಷಮಶೀತ ಜ್ವರವೂ ಶತ್ರುವಿನ ಫಿರಂಗಿಗಳಷ್ಟೇ ಜನರನ್ನು ಕಾಡಿದವು. ಆ ಯುದ್ಧದಲ್ಲಿ ಮಡಿದ ಸುಮಾರು 22,000 ಬ್ರಿಟಿಷ್ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸತ್ತದ್ದು ಕಾಯಿಲೆಯಿಂದ. ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದ ಬೋಯರ್ ಹೆಂಗಸರು ಮಕ್ಕಳಲ್ಲಿ 26,000ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಆಫ್ರಿಕಾದ ಕಪ್ಪು ಜನರೂ ಬೇರೆ ಶಿಬಿರಗಳಲ್ಲಿ ಸಾವಿರಗಟ್ಟಲೆ ಸತ್ತರು.

ಆ ದೂರದ ಯುದ್ಧದ ನೆರಳು ನಮ್ಮ ನಾಡಿನ ಮೇಲೂ ಬಿದ್ದಿತ್ತು. ಸೆರೆಸಿಕ್ಕ ಸಾವಿರಾರು ಬೋಯರರನ್ನು ಹಡಗಿನಲ್ಲಿ ಭಾರತಕ್ಕೆ ಕರೆತಂದು ಬಳ್ಳಾರಿ, ಮೈಸೂರಿಗೆ ಸಮೀಪದ ನೀಲಗಿರಿಯ ಕೇತಿ, ತಿರುಚಿನಾಪಳ್ಳಿ ಮುಂತಾದೆಡೆ ಶಿಬಿರಗಳಲ್ಲಿ ಇರಿಸಲಾಗಿತ್ತು. ಮತ್ತೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಆಗ ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದ ಮೋಹನದಾಸ ಗಾಂಧಿಯವರು ಸುಮಾರು 1,100 ಮಂದಿ ಭಾರತೀಯರ ಶುಶ್ರೂಷಾ ದಳವನ್ನು ಕಟ್ಟಿದರು. ಅವರ ಅನುಕಂಪ ಬೋಯರರ ಕಡೆಗಿದ್ದರೂ 1900ರ ಜನವರಿಯಲ್ಲಿ ಸ್ಪಿಯಾನ್ ಕಾಪ್ ಬೆಟ್ಟದಿಂದ ಬ್ರಿಟಿಷ್ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಮೈಲಿಗಟ್ಟಲೆ ನಡೆದರು. ಯಾವ ಪಕ್ಷದ ಪರವಾಗಿ ಬಿದ್ದವನು ಎಂದು ಕೇಳದೆ ಹೆಗಲು ಕೊಡುವ ದಾರಿಯೊಂದು ಆ ಯುದ್ಧದಲ್ಲೂ ತೆರೆದಿತ್ತು.

ಬೆತ್ಲೆಹೇಮಿನ ಬಯಲಿನಲ್ಲಿ

ಕ್ರೀನರು ಆ ದಾರಿಗೆ ಬಂದದ್ದು 1901ರ ಮಧ್ಯದಲ್ಲಿ. ಅಷ್ಟರಲ್ಲಿ ಮ್ಯಾಫಕಿಂಗ್ ಪಟ್ಟಣದ ಬಿಡುಗಡೆಯಲ್ಲಿ ಭಾಗವಹಿಸಿ ಕ್ಯಾಪ್ಟನ್ ಪದವಿಗೇರಿದ್ದ ಅವರು ತಮ್ಮದೇ ಅಶ್ವದಳದ ವೈದ್ಯಾಧಿಕಾರಿಯಾಗಿ ಕೆಲಸ ವಹಿಸಿಕೊಂಡರು. ಬಂದೂಕಿನ ಜಾಗದಲ್ಲಿ ಔಷಧದ ಚೀಲ ಬಂದಿತು. ಆ ಕಾಲದ ರಣವೈದ್ಯನ ಚೀಲದಲ್ಲಿ ಇದ್ದುದಾದರೂ ಏನು? ರಕ್ತ ಕಟ್ಟಲು ಪಟ್ಟಿ, ಮುರಿದ ಮೂಳೆಗೆ ದಬ್ಬೆ, ನಂಜು ತಡೆಯುವ ದ್ರಾವಣ, ನೋವು ತಗ್ಗಿಸಲು ಮಾರ್ಫಿನ್. ಪೆನ್ಸಿಲಿನ್ ಕಂಡುಹಿಡಿಯಲು ಇನ್ನೂ ಇಪ್ಪತ್ತೇಳು ವರ್ಷಗಳಿದ್ದವು. ಹೀಗಾಗಿ ಗುಂಡು ತಗುಲಿದವನಿಗೆ ಮೊದಲ ಕೆಲವು ನಿಮಿಷಗಳಲ್ಲಿ ಯಾರಾದರೂ ರಕ್ತ ನಿಲ್ಲಿಸಿದರೆ ಬದುಕು, ಇಲ್ಲದಿದ್ದರೆ ಸಾವು.

ಆರೆಂಜ್ ಪ್ರಾಂತದಲ್ಲಿ ಬೆತ್ಲೆಹೇಮ್ ಎಂಬ ಊರಿದೆ. ಬೈಬಲನ್ನು ಬಲ್ಲ ಬೋಯರರು ಊರಿಗೆ ಆ ಹೆಸರನ್ನೂ, ಬದಿಯ ಹೊಳೆಗೆ ಜೋರ್ಡಾನ್ ಎಂಬ ಹೆಸರನ್ನೂ ಇಟ್ಟಿದ್ದರು. ಬೆತ್ಲೆಹೇಮಿಗೂ ಹ್ಯಾರಿಸ್ಮಿತ್ ಎಂಬ ಊರಿಗೂ ನಡುವೆ ಟೈಗರ್‌ಕ್ಲೂಫ್ ಸ್ಪ್ರೂಟ್ ಎಂಬ ತೊರೆ. 1901ರ ಡಿಸೆಂಬರ್ 18ರಂದು, ಕ್ರಿಸ್ತಜಯಂತಿಗೆ ಏಳು ದಿನಗಳಿರುವಾಗ, ಬೋಯರರ ಹೆಸರಾಂತ ದಂಡನಾಯಕ ಕ್ರಿಸ್ಟಿಯಾನ್ ಡಿ ವೆಟ್ ಅಲ್ಲಿ ಬ್ರಿಟಿಷ್ ಪಡೆಯ ಮೇಲೆರಗಿದನು. ಬೋಯರರ ಗುರಿ ಎಂದರೆ ಜಗತ್ತೇ ಹೆದರುವಂಥದು. ಅವರಿಗೂ ಬ್ರಿಟಿಷರ ಮುಂದಿನ ಸಾಲಿಗೂ ಇದ್ದ ಅಂತರ ಬರೇ 150 ಗಜ. ಒಂದು ದೊಡ್ಡ ಆಟದ ಮೈದಾನದ ಈ ಕೊನೆಯಿಂದ ಆ ಕೊನೆಯಷ್ಟು ಎಂದು ಭಾವಿಸಿಕೊಂಡರೆ ಚಿತ್ರ ಮನಸ್ಸಿಗೆ ಬರುತ್ತದೆ.

ಆ ಬಯಲಿನಲ್ಲಿ ಗಾಯಗೊಂಡವರು ಬಿದ್ದಿದ್ದರು. ಅವರನ್ನು ಹಿಂದಕ್ಕೆ ಸಾಗಿಸುವ ಮಾತೇ ಇರಲಿಲ್ಲ. ತಲೆಯೆತ್ತಿದವನಿಗೆ ಗುಂಡು ಕಾದಿತ್ತು. ವೈದ್ಯಾಧಿಕಾರಿಯು ಹಿಂದೆ ಸುರಕ್ಷಿತ ಸ್ಥಳದಲ್ಲಿ ನಿಂತು, ತಂದವರಿಗೆ ಚಿಕಿತ್ಸೆ ಮಾಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಕ್ರೀನರು ಹಾಗೆ ಕಾಯಲಿಲ್ಲ. ಗುಂಡು ಹಾರುತ್ತಿದ್ದ ಸಾಲಿನೊಳಗೇ ಹೋಗಿ, ಒಬ್ಬೊಬ್ಬರ ಬಳಿಯೂ ಬಾಗಿ, ಪಟ್ಟಿ ಕಟ್ಟಲಾರಂಭಿಸಿದರು. ಆರಡಿ ಎರಡಂಗುಲದ ಆ ದೇಹ ಎದುರಾಳಿಯ ಗುರಿಗೆ ಎಷ್ಟು ಸುಲಭವೆಂದು ಹೇಳಬೇಕಿಲ್ಲ. ಅವರಿಗೆ ಗುಂಡು ತಗುಲಿತು. ಅವರು ಕೆಲಸ ನಿಲ್ಲಿಸಲಿಲ್ಲ. ತಮ್ಮ ರಕ್ತ ಸೋರುತ್ತಿದ್ದಂತೆಯೇ ಮತ್ತೊಬ್ಬರ ರಕ್ತವನ್ನು ನಿಲ್ಲಿಸುತ್ತಾ ಹೋದರು. ಎರಡನೆಯ ಬಾರಿ ಗುಂಡು ಬಿದ್ದಾಗ ಮಾತ್ರ ಆ ಕೈಗಳು ಸುಮ್ಮನಾದವು. ತೋಳಿಗೂ ಹೊಟ್ಟೆಗೂ ಏಟು ಬಿದ್ದಿತ್ತು. ಹೊಟ್ಟೆಗೆ ಗುಂಡು ಹೊಕ್ಕವನು ಉಳಿಯುವುದು ಆ ಕಾಲದಲ್ಲಿ ಅಪರೂಪ. ಸುತ್ತಲಿದ್ದವರು ಅವರ ಆಸೆಯನ್ನೇ ಬಿಟ್ಟಿದ್ದರು.

ದೈವಕೃಪೆಯಿಂದಲೂ ಗಟ್ಟಿ ದೇಹದಿಂದಲೂ ಅವರು ಉಳಿದುಕೊಂಡರು. ಚಿಕಿತ್ಸೆಗಾಗಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. 1902ರ ಫೆಬ್ರುವರಿ 11ರಂದು ಅವರಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಅದೇ ವರ್ಷ ದೊರೆ ಏಳನೆಯ ಎಡ್ವರ್ಡ್ ಅದನ್ನು ಅವರ ಎದೆಗೆ ತೊಡಿಸಿದರು. ಡಬ್ಲಿನ್ನಿನ ಒಂದೇ ಕ್ಲಬ್ಬಿನ ಇಬ್ಬರು ಗೆಳೆಯರು ಒಂದೇ ಪ್ರವಾಸಕ್ಕೆ ಹೋಗಿ, ಒಂದೇ ಅಶ್ವದಳ ಸೇರಿ, ಒಂದೇ ಪ್ರಶಸ್ತಿ ಪಡೆದಂತಾಯಿತು. ಆದರೆ ಜಾನ್‌ಸ್ಟನ್‌ಗೆ ಅದು ಬಂದದ್ದು ಶತ್ರುವಿನ ಮೇಲೆ ನುಗ್ಗಿದ್ದಕ್ಕೆ; ಕ್ರೀನರಿಗೆ ಬಂದದ್ದು ಬಿದ್ದವರನ್ನು ಬಿಟ್ಟು ಕದಲದಿದ್ದುದಕ್ಕೆ.

ಮತ್ತೊಂದು ಮಹಾಯುದ್ಧ

ಅನಂತರ ಕ್ರೀನರು ಸೇನೆಯ ವೈದ್ಯಕೀಯ ದಳದಲ್ಲಿ ಅಧಿಕಾರಿಯಾದರು. 1905ರಲ್ಲಿ ಸ್ಪೇನ್ ದೇಶದ ಮಾಲಗ ನಗರದ ಹೆರೇದಿಯಾ ಮನೆತನದ ವಿಕ್ಟೋರಿಯಾ ಅವರನ್ನು ವಿವಾಹವಾದರು. ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು. ಮರುವರ್ಷ ಸೇನೆಯಿಂದ ನಿವೃತ್ತರಾಗಿ ಲಂಡನ್ನಿನಲ್ಲಿ ಸ್ವಂತ ವೈದ್ಯವೃತ್ತಿ ಆರಂಭಿಸಿದರು. ನೆಮ್ಮದಿಯ ಗೃಹಸ್ಥ ಜೀವನಕ್ಕೆ ಬೇಕಾದುದೆಲ್ಲವೂ ಇತ್ತು.

1914ರಲ್ಲಿ ಮೊದಲನೆಯ ಮಹಾಯುದ್ಧ ಸಿಡಿದಾಗ ಕ್ರೀನರಿಗೆ ನಲವತ್ತೊಂದು ವರ್ಷ. ಹೊಟ್ಟೆಯಲ್ಲಿ ಹಳೆಯ ಗಾಯದ ಗುರುತು. ಮನೆಯಲ್ಲಿ ಎಳೆಯ ಮಕ್ಕಳು. ಆದರೂ ಮತ್ತೆ ವೈದ್ಯಕೀಯ ದಳ ಸೇರಿ ಫ್ರಾನ್ಸಿಗೆ ತೆರಳಿದರು. ಈ ಬಾರಿ ಯುದ್ಧವನ್ನು ಪಂದ್ಯವೆಂದು ಭಾವಿಸುವ ವಯಸ್ಸು ಕಳೆದಿತ್ತು. ಅದರ ಬೆಲೆ ಎಷ್ಟೆಂಬುದು ಅವರ ದೇಹಕ್ಕೇ ಗೊತ್ತಿತ್ತು. ಅಶ್ವದಳದ ಬ್ರಿಗೇಡ್ ಒಂದರೊಡನೆ ಇದ್ದು ಸಲ್ಲಿಸಿದ ಸೇವೆಗಾಗಿ 1915ರಲ್ಲಿ ಡಿ.ಎಸ್.ಓ. ಎಂಬ ಮತ್ತೊಂದು ಉನ್ನತ ಗೌರವ ಅವರಿಗೆ ಸಂದಿತು. 1916ರಲ್ಲಿ ಮೇಜರ್ ಆದರು. 44ನೆಯ ಫೀಲ್ಡ್ ಆಂಬುಲೆನ್ಸಿನ ಮುಖ್ಯಸ್ಥರಾದರು. ಆಂಬುಲೆನ್ಸ್ ಎಂದರೆ ನಾವಿಂದು ತಿಳಿಯುವ ವಾಹನವಲ್ಲ. ಸುಮಾರು ಹತ್ತು ಅಧಿಕಾರಿಗಳೂ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿಯೂ ಇದ್ದ ಚಿಕಿತ್ಸಾ ದಳ. ಕಂದಕಗಳ ಕೆಸರಿನಿಂದ ಗಾಯಾಳುಗಳನ್ನು ಡೋಲಿಯಲ್ಲಿ ತಂದು, ಪಟ್ಟಿ ಬದಲಿಸಿ, ಉಳಿಯುವವರನ್ನು ಹಿಂದಿನ ಆಸ್ಪತ್ರೆಗಳಿಗೆ ಸಾಗಿಸುವ ಹೊಣೆ ಅದರದು. ಗಾಯಾಳುಗಳು ನೂರುಗಟ್ಟಲೆ ಬರುವಾಗ ಮೊದಲು ಯಾರನ್ನು ನೋಡಬೇಕೆಂಬ ಕ್ರೂರವಾದ ತೀರ್ಮಾನವೂ ವೈದ್ಯರದೇ ಆಗಿತ್ತು.

ಆ ಯುದ್ಧದಲ್ಲಿ ನಮ್ಮವರೂ ಇದ್ದರು. ಭಾರತದ ಲಕ್ಷಕ್ಕೂ ಮೀರಿದ ಜನ ಫ್ರಾನ್ಸಿನ ರಣರಂಗಕ್ಕೆ ಹೋಗಿದ್ದರು. ಮೈಸೂರು ಮಹಾರಾಜರ ಲ್ಯಾನ್ಸರ್ಸ್ ಅಶ್ವದಳ ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನಲ್ಲಿ ಕಾದಾಡಿ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಒಂದಾಯಿತು. ಕ್ರೀನರಂತೆಯೇ ಆಟಗಾರರಾಗಿದ್ದ ಮತ್ತೊಬ್ಬ ವೈದ್ಯರ ಹೆಸರೂ ಆಗ ಮನೆಮಾತಾಯಿತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಡಿದ್ದ ನೋಯಲ್ ಚವಾಸ್ ಎಂಬ ಆಂಗ್ಲಿಕನ್ ಬಿಷಪರ ಮಗ, ಗಾಯಾಳುಗಳನ್ನು ಹುಡುಕಿ ತಂದು ವಿಕ್ಟೋರಿಯಾ ಕ್ರಾಸನ್ನು ಎರಡು ಬಾರಿ ಗಳಿಸಿ, 1917ರ ಆಗಸ್ಟ್ 4ರಂದು ಗಾಯಗಳಿಂದ ಮೃತರಾದರು. ಮೈದಾನದಲ್ಲಿ ಪಳಗಿದ ಕಾಲುಗಳು ಮತ್ತೊಬ್ಬರ ಪ್ರಾಣಕ್ಕಾಗಿ ಓಡಿದವು.

ಕೊನೆಯ ದಿನಗಳು

ಯುದ್ಧ ಮುಗಿಯುವ ಹೊತ್ತಿಗೆ ಕ್ರೀನರ ದೇಹ ಸೋತಿತ್ತು. ಗುಂಡುಗಳಿಗೆ ಜಗ್ಗದವರನ್ನು ಸಕ್ಕರೆ ಕಾಯಿಲೆ ಕುಗ್ಗಿಸಿತು. 1923ರ ಮಾರ್ಚ್ 25ರಂದು, ಐವತ್ತು ತುಂಬಲು ಒಂದು ತಿಂಗಳೂ ಇಲ್ಲದಿರುವಾಗ, ಲಂಡನ್ನಿನ ಮೇಫೇರಿನಲ್ಲಿದ್ದ ತಮ್ಮ ಮನೆಯಲ್ಲಿ ಅವರು ಕಣ್ಮುಚ್ಚಿದರು. ಕೆನ್ಸಲ್ ಗ್ರೀನ್‌ನ ಸಂತ ಮರಿಯಮ್ಮನವರ ಕಥೋಲಿಕ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣುಮಾಡಲಾಯಿತು.

ಇದರಲ್ಲೊಂದು ವಿಧಿವಿಲಾಸವಿದೆ. ಕೆನಡಾದ ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಚುಚ್ಚಲಾಗಿತ್ತು. ಆ ಸಂಜೀವಿನಿ ಸಾಮಾನ್ಯ ರೋಗಿಗಳಿಗೆ ಎಟುಕತೊಡಗಿದ್ದು ಕ್ರೀನರು ತೀರಿಕೊಂಡ ವರ್ಷದಲ್ಲಿ. ಕೆಲವು ತಿಂಗಳುಗಳ ಅಂತರ! ರಣರಂಗದಲ್ಲಿ ಎಷ್ಟೋ ಮಂದಿಗೆ ಸಕಾಲಕ್ಕೆ ಒದಗಿದ ವೈದ್ಯರಿಗೆ ಅವರದೇ ಔಷಧ ಸಕಾಲಕ್ಕೆ ಒದಗಲಿಲ್ಲ. ಇಂದು ನಮ್ಮ ಮೈಸೂರಿನ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ತಮ್ಮ ಕೈಯಿಂದಲೇ ಚುಚ್ಚಿಕೊಳ್ಳುವ ಇನ್ಸುಲಿನ್ ಎಂತಹ ವರವೆಂಬುದನ್ನು ಈ ಮರಣ ನೆನಪಿಸುತ್ತದೆ.

ಕ್ರೀನರನ್ನು ಸಂತರೆಂದು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಅವರು ಹೋರಾಡಿದ ಮೊದಲ ಯುದ್ಧ ನ್ಯಾಯದ ಯುದ್ಧವೆನ್ನಲು ನಮ್ಮ ಮನಸ್ಸು ಒಪ್ಪದು. ಆದರೂ ಜಗತ್ತು ಅವರನ್ನು ನೆನೆಯುವುದು ಕೆಡವಿದ ಎದುರಾಳಿಗಳ ಲೆಕ್ಕದಿಂದಲ್ಲ. ಗಾಯಗೊಂಡು ದಾರಿಬದಿ ಬಿದ್ದವನನ್ನು ಕಂಡು ದಾಟಿಹೋದ ಇಬ್ಬರ ಬಗೆಗೂ, ನಿಂತ ಸಮಾರಿಯದವನ ಬಗೆಗೂ ನಮ್ಮ ಮಕ್ಕಳು ಜ್ಞಾನೋಪದೇಶದ ತರಗತಿಯಲ್ಲಿ ಕಲಿಯುತ್ತಾರೆ. ನಿಲ್ಲಬೇಕೆಂಬ ಮನಸ್ಸು ಹಲವರಿಗೆ ಬರಬಹುದು. ಎದೆ ನಡುಗದೆ ನಿಲ್ಲಲೂ, ಬಿದ್ದವನನ್ನು ಎತ್ತಲೂ ಮನಸ್ಸಿನ ಜೊತೆಗೆ ತಾಲೀಮು ಪಡೆದ ದೇಹವೂ ಬೇಕು. ಏಟು ಬಿದ್ದರೂ ಎದ್ದು ಆಟ ಮುಂದುವರಿಸುವುದನ್ನು, ತಂಡದವನು ಬಿದ್ದರೆ ಕೈಚಾಚುವುದನ್ನು ಕ್ರೀನರು ಕಲಿತದ್ದು ಶಾಲೆಯ ಮೈದಾನದಲ್ಲಿ.

ಬೇಸಿಗೆಯ ರಜೆ ಬಂದಾಗ ಕುವೆಂಪುನಗರದ ಮೈದಾನಗಳು ಒಂದಿಷ್ಟು ದಿನ ಮತ್ತೆ ತುಂಬುತ್ತವೆ. ಶಾಲೆ ಆರಂಭವಾದ ಕೂಡಲೇ ಬರಿದಾಗುತ್ತವೆ. ವೈದ್ಯನಾಗಬೇಕೆಂದು ಬಯಸುವ ಮಗನ ಚೆಂಡನ್ನು ಅಟ್ಟಕ್ಕೆ ಏರಿಸುವ ಮುನ್ನ ತಂದೆತಾಯಂದಿರು ಟೈಗರ್‌ಕ್ಲೂಫ್ ತೊರೆಯ ಬದಿಯಲ್ಲಿ ಬಾಗಿ ಕುಳಿತಿದ್ದ ಆ ಎತ್ತರದ ಮನುಷ್ಯನನ್ನು ಒಮ್ಮೆ ನೆನೆದರೆ ಸಾಕು. ಸಂಜೆಯ ಒಂದು ಗಂಟೆಯ ಆಟ ಓದಿನ ವೇಳೆಯನ್ನು ಕದಿಯುವುದೆಂಬ ಅಂಜಿಕೆ ಅಷ್ಟರಮಟ್ಟಿಗೆ ಕಡಿಮೆಯಾದೀತು.